ಎರಡಕ್ಷರ, ಒಂದು ಚುಕ್ಕೆ

ಮಿಚಮ್‌ನ ಶಾಲೆಯೊಂದರ ಆಟದ ಹಾಲನ್ನು
ನಿಮಗಾಗಿ ಬಾಡಿಗೆಗೆ ಹಿಡಿದಿದ್ದಾರೆ, ಅಣ್ಣ.
ಬ್ಯಾಸ್ಕೆಟ್‌ಬಾಲಿನ ಬಲೆಗೆ ಕಪ್ಪು ಬಟ್ಟೆ ಸುತ್ತಿ
ಅದರಡಿ ನಿಮ್ಮ ಪೆಟ್ಟಿಗೆ, ಪೆಟ್ಟಿಗೆಗಿಂತ ದೊಡ್ಡ ಪಟ,
ಪಟದಲ್ಲಿ ನಲವತ್ತು ವರ್ಷದ ಹಿಂದಿನ ಮೀಸೆ.
ಹೊರಗೆ ಸಾಲು ಪೆಟ್ರೋಲ್ ಬಂಕಿನ ತನಕ.
ಆಲಿಕಲ್ಲಲ್ಲ, ಮಳೆಯೂ ಅಲ್ಲ, ನಡುವಿನದೇನೋ ಬೀಳುತ್ತಿದೆ;
ಯಾರೂ ಕೊಡೆ ಬಿಚ್ಚುತ್ತಿಲ್ಲ.
ಪ್ಯಾರಿಸ್ಸಿನಿಂದ ರಾತ್ರಿಯೆಲ್ಲ ವ್ಯಾನಿನಲ್ಲಿ ಬಂದವರು,
ಅಂಗಡಿಗೆ ಬೀಗ ಹಾಕಿ ಬಂದವರು,
ನಿಮ್ಮನ್ನು ಒಮ್ಮೆಯೂ ನೋಡದೆ ನಿಮ್ಮ ಹೆಸರು ಹೊತ್ತ ಹುಡುಗರು.

ನನ್ನ ಮುಂದೆ ಇಬ್ಬರು, ಪಿಸುದನಿಯಲ್ಲೇ ಜಗಳ.
'ವಿಶ್ವವಿದ್ಯಾಲಯದ ದಾಖಲೆ ತೆಗೆಸಿ ನೋಡಿದ್ದಾರಂತೆ,
ಕುಲವೀರಸಿಂಗಂ ಅನ್ನೋ ಹೆಸರೇ ಇಲ್ಲವಂತೆ.'
'ಕೊಲಂಬೋದವರು ಅಳಿಸಿರಬೇಕು.'
'ಲಂಡನ್ನಿನ ಕಡತಕ್ಕೆ ಕೊಲಂಬೋದ ರಬ್ಬರೇ?'
'ಹೆಣದ ಮುಂದೆ ಮಾರ್ಕ್ಸ್ ಕಾರ್ಡ್ ಕೇಳ್ತೀಯಲ್ಲೋ, ನಾಚಿಕೆಯಾಗಲ್ವಾ?'
ಅಲ್ಲಿಗೆ ಸುಮ್ಮನಾದರು. ಸಾಲು ಒಂದು ಹೆಜ್ಜೆ ಸರಿಯಿತು.

ನಾನು ಬಾಯಿ ಬಿಡಲಿಲ್ಲ.
ನನ್ನ ಮಂಚದಡಿ, ಬೂಟಿನ ರಟ್ಟಿನ ಡಬ್ಬಿಯಲ್ಲಿ
ನಿಮ್ಮ ನಾಲ್ಕು ಅಧ್ಯಾಯಗಳ ಕಾರ್ಬನ್ ಪ್ರತಿಯಿದೆ.

ಪುಟಕ್ಕೆ ಹದಿನೈದು ಪೆನ್ಸ್. ಅಡಿಟಿಪ್ಪಣಿಗೆ ಬೇರೆ ದರ ಅಂದಿದ್ದೆ.
'ಅಡಿಟಿಪ್ಪಣಿಯಲ್ಲೇ ತಾನೆ ನಾವೆಲ್ಲ ಬದುಕೋದು,' ಅಂತ ನಕ್ಕಿದ್ದಿರಿ.
ಟೂಟಿಂಗಿನ ಆ ಮೇಲಂತಸ್ತಿನ ಕೋಣೆ,
ನಾಣ್ಯ ಹಾಕಿದರೆ ಮಾತ್ರ ಉರಿಯುವ ಗ್ಯಾಸು,
ನಿಮ್ಮ ಕೈಬರಹವೋ, ಇರುವೆ ಸಾಲಿಗೆ ಬಿಸಿನೀರು ಹೊಯ್ದಂತೆ.
'ಒಪ್ಪಿಗೆ' ಎಂಬ ಪದವನ್ನು ಒಂದೇ ಪುಟದಲ್ಲಿ
ಹದಿನೇಳು ಸಲ ಹೊಡೆದಿದ್ದೇನೆ.
ಆಳುವವರಿಗೆ ಆಳಿಸಿಕೊಳ್ಳುವವರ ಒಪ್ಪಿಗೆ.
ಅರ್ಥವಾಗಲಿಲ್ಲ; ಆದರೆ ಒಂದೂ ತಪ್ಪಾಗಲಿಲ್ಲ.

ಮುಖಪುಟವನ್ನೂ ಆಗಲೇ ಹೊಡೆದಿಟ್ಟಿದ್ದೆ.
ಹಾಗೆ ಮಾಡಬಾರದು ಅಂತ ನಮ್ಮಮ್ಮ ಹೇಳಿರಲಿಲ್ಲ,
ತೊಟ್ಟಿಲನ್ನು ಮೊದಲೇ ಕಟ್ಟಬಾರದು ಅನ್ನುತ್ತಿದ್ದಳು.
ಎರಡೂ ಒಂದೇ.

ಆಮೇಲೆ ಆ ಜುಲೈ ಬಂತು.
ವೆಳ್ಳವತ್ತೆಯಲ್ಲಿ ನಿಮ್ಮಕ್ಕನ ಮನೆ, ಅದರೊಳಗಿನ ಹಾರ್ಮೋನಿಯಂ.
ಟೀವಿಯಲ್ಲಿ ಹೊಗೆ ಮಾತ್ರ ಕಂಡಿತು.
ಐದನೆಯ ಅಧ್ಯಾಯದ ಬದಲು ನೀವು ಹಿಡಿದು ಬಂದದ್ದು
ಒಂದು ಹಾಳೆಯ ಹೇಳಿಕೆ. 'ಇದನ್ನು ಹೊಡಿ ತಂಗಚ್ಚಿ,
ಬೆಳಗಾಗೋದರೊಳಗೆ ಎಲ್ಲ ಪತ್ರಿಕೆಗೂ ಹೋಗಬೇಕು.'
ಹೊಡೆದೆ. ಕೊನೆಯಲ್ಲಿ ನಿಮ್ಮ ಹೆಸರು,
ಬರಿ ಹೆಸರು, ಚಳಿಯಲ್ಲಿ ಅಂಗಿಯಿಲ್ಲದೆ ನಿಂತಂತಿತ್ತು.
ಯಾರು ಓದುತ್ತಾರೆ ಅದನ್ನು? ಯಾವ ಇಂಗ್ಲಿಷ್ ಪತ್ರಿಕೆಯ ಯಾವ ಗುಮಾಸ್ತ?
ಮುಂದೆ ಎರಡಕ್ಷರ ಸೇರಿಸಿದೆ, ಒಂದು ಚುಕ್ಕೆ.
ಹೇಗೂ ಬರುವುದೇ ತಾನೆ,
ಆರು ತಿಂಗಳು ಮುಂಗಡ ಕೊಟ್ಟರೇನು ಅಂದುಕೊಂಡೆ.

ನೀವು ಓದಿದಿರಿ. ಆ ಜಾಗದ ಮೇಲೆ
ನಿಮ್ಮ ಹೆಬ್ಬೆರಳು ನಿಂತಿತು, ತುಸು ಹೊತ್ತು.
ಆಮೇಲೆ ಸಹಿ ಮಾಡಿದಿರಿ.

ಆ ಚುಕ್ಕೆ ಅಲ್ಲಿಂದ ನಿಮಗಿಂತ ಮುಂದೆ ಓಡಿತು:
ಜಿನೀವಾದ ಮೇಜಿನ ಹೆಸರಫಲಕಕ್ಕೆ,
ಕಂಡವರ ಮದುವೆಯ ಕರೆಯೋಲೆಗೆ, ಕಡೆಗೆ ಆಸ್ಪತ್ರೆಯ ಚೀಟಿಗೆ.
ಅಲ್ಲಿ ನರ್ಸೊಬ್ಬಳು, ನೀವು ಯಾವ ವಿಭಾಗದ ಡಾಕ್ಟರು ಅಂತ ಕೇಳಿದಳಂತೆ,
ನೀವು ಗೋಡೆಯ ಕಡೆ ಹೊರಳಿಕೊಂಡಿರಂತೆ.

ನನ್ನ ಸರದಿ ಬಂತು.
ಪಟದ ಕೆಳಗೆ ದಪ್ಪಕ್ಷರದಲ್ಲಿ 'ಕಲಾನಿಧಿ';
ನಮ್ಮ ತಮಿಳಿನಲ್ಲಿ ಅದು ಇನ್ನೂ ಉದ್ದ, ಇನ್ನೂ ಚೆಂದ.
ಪಕ್ಕದ ಮೇಜಿನಲ್ಲಿ ಸಂತಾಪದ ಪುಸ್ತಕ, ದಾರ ಕಟ್ಟಿದ ಪೆನ್ನು.
ಹೆಸರು: ತಿಲಗೇಶ್ವರಿ. ಊರು: ಪುಂಗುಡುತೀವು, ಈಗ ಟೂಟಿಂಗ್.
ಸಂಬಂಧ?
ಪೆನ್ನು ಹಿಡಿದು ನಿಂತೆ. ಹಿಂದಿನವರು ಕೆಮ್ಮಿದರು.
ಟೈಪಿಸ್ಟ್ ಅಂತ ಬರೆದೆ.
ಇನ್ನೇನು ಬರೆಯಲಿ, ನಾಲ್ಕನೆಯ ಅಧ್ಯಾಯದ
ಹನ್ನೊಂದು ಪೌಂಡು ಇನ್ನೂ ಬಾಕಿ ಎಂದೇ?

ಬಾಗಿಲ ಹತ್ತಿರ ಆ ಜಗಳದ ಹುಡುಗ,
ದಾಖಲೆಯ ಮಾತೆತ್ತಿದ್ದನಲ್ಲ, ಅವನೇ,
ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ.
ನನ್ನ ಕರ್ಚೀಫು ಕೊಟ್ಟೆ.
ವಾಪಸ್ಸು ಕೊಡಲಿಲ್ಲ.